ಲೋಲಕ ಈಗ ಎಲ್ಲಿದೆ? ಪ್ರಾವಸ್ಥೆಯನ್ನು ತಿಳಿಯೋಣ

ವಿದ್ಯಾರ್ಥಿಗಳೇ, ಶಿವಮೊಗ್ಗದಲ್ಲಿ ಒಂದು ಹೊಸಮನೆ ಇದೆ, ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ. 'ಹೊಸಮನೆಗೆ ಬಾ' ಎಂದರೆ ಸಾಲದು, ಯಾವ ಊರಿನದು ಎಂದೂ ಹೇಳಬೇಕು. ಲೋಲಕಗಳ ವಿಷಯವೂ ಹೀಗೆಯೇ. ಉದ್ದ ಒಂದೇ, ತೂಗುವ ದೂರ ಒಂದೇ ಆಗಿದ್ದರೂ, ಅವುಗಳ ಚಲನೆಯನ್ನು ಪೂರ್ತಿಯಾಗಿ ತಿಳಿಸಲು ಇನ್ನೊಂದು ವಿವರ ಬೇಕು. ಅದೇ ಪ್ರಾವಸ್ಥೆ. ಇಂಗ್ಲಿಷಿನಲ್ಲಿ ಇದನ್ನು ಫೇಸ್ ಎನ್ನುತ್ತಾರೆ.

ಮಾಡಿ ನೋಡಿ

ಒಂದೇ ಅಳತೆಯ ಎರಡು ಕಬ್ಬಿಣದ ನಟ್ಟುಗಳನ್ನು ಎರಡು ದಾರಗಳಿಗೆ ಕಟ್ಟಿ. ಶಿಕ್ಷಕರ ನೆರವಿನಿಂದ ಜಗಲಿಯ ತೊಲೆಗೆ ಅಕ್ಕಪಕ್ಕದಲ್ಲಿ ತೂಗುಹಾಕಿ. ತೊಲೆಯಿಂದ ನಟ್ಟಿನ ನಡುವಿಗೆ 1 ಮೀಟರ್ ಇರಲಿ. 10 ಸೆಂ.ಮೀ. ಎಳೆದು ಬಿಟ್ಟರೆ ಲೋಲಕವು ಹೋಗಿ ಮರಳಿ ಬರಲು ಸುಮಾರು 2 ಸೆಕೆಂಡು ಬೇಕು. ಇದು ಅದರ ಆಂದೋಲನಾವಧಿ.

1. ಎರಡನ್ನೂ ನಿಮ್ಮ ಕಡೆಗೆ ಎಳೆದು ಒಟ್ಟಿಗೆ ಬಿಡಿ. ಜೊತೆಜೊತೆಯಾಗಿ ತೂಗುತ್ತವೆ.
2. ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆ ಕಡೆಗೆ ಎಳೆದು ಒಟ್ಟಿಗೆ ಬಿಡಿ. ಒಂದು ಬಂದಾಗ ಇನ್ನೊಂದು ಹೋಗುತ್ತದೆ.
3. ಎರಡನ್ನೂ ನಿಮ್ಮ ಕಡೆಗೆ ಎಳೆದು ಒಂದನ್ನು ಮಾತ್ರ ಬಿಡಿ. ಅದು ನಡುವಿಗೆ ಬಂದೊಡನೆ ಇನ್ನೊಂದನ್ನು ಬಿಡಿ. ಎರಡನೆಯದು ಕಾಲು ಆಂದೋಲನದಷ್ಟು ಹಿಂದೆ ಉಳಿಯುತ್ತದೆ.

ಮೂರು ಸಲವೂ ಲೋಲಕಗಳು ಅವೇ. ಬದಲಾದದ್ದು ಪ್ರಾವಸ್ಥೆಯ ವ್ಯತ್ಯಾಸ ಮಾತ್ರ.

ಕೋನ ಎಲ್ಲಿಂದ ಬಂತು?

ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಗೆಳೆಯರೊಬ್ಬರು ಪೆಡಲನ್ನು ಒಂದೇ ವೇಗದಲ್ಲಿ ನಿಧಾನವಾಗಿ ತಿರುಗಿಸಲಿ. ಚೈನಿನ ಹತ್ತಿರ ಬೆರಳು ಬೇಡ! ನೀವು ಸೈಕಲ್ಲಿನ ಹಿಂದೆ ಕುಳಿತು ನೋಡಿ. ಪೆಡಲ್ ತಿರುಗುವಂತೆ ಕಾಣದೆ, ಮೇಲೆ ಕೆಳಗೆ ಆಡುವಂತೆ ಕಾಣುತ್ತದೆ. ನಡುವೆ ವೇಗ ಹೆಚ್ಚು, ತುದಿಗಳಲ್ಲಿ ಕಡಿಮೆ, ಥೇಟ್ ಲೋಲಕದಂತೆ. ಇಂಥ ಚಲನೆಯೇ ಸರಳ ಸಂಗತ ಚಲನೆ.

ಪೆಡಲಿನ ಒಂದು ಸುತ್ತು 360 ಡಿಗ್ರಿ. ಹಾಗಾಗಿ ಒಂದು ಪೂರ್ಣ ಆಂದೋಲನವನ್ನೂ 360 ಡಿಗ್ರಿ ಎಂದು ಎಣಿಸುತ್ತೇವೆ. ಅರ್ಧ ಆಂದೋಲನ 180, ಕಾಲು ಆಂದೋಲನ 90 ಡಿಗ್ರಿ. ಮೇಲಿನ ಪ್ರಯೋಗದಲ್ಲಿ ವ್ಯತ್ಯಾಸಗಳು ಕ್ರಮವಾಗಿ 0, 180 ಮತ್ತು 90 ಡಿಗ್ರಿ. ಸೈಕಲ್ಲಿನ ಎರಡು ಪೆಡಲುಗಳ ನಡುವೆ ಎಷ್ಟು? ನೀವೇ ಹೇಳಿ.

ತೋಟದ ಪಂಪಿನಲ್ಲಿ ಪ್ರಾವಸ್ಥೆ

'ತ್ರೀ ಫೇಸ್ ಕರೆಂಟ್ ಬಂತು' ಎಂದು ಅಡಿಕೆ ತೋಟದವರು ಹೇಳುವುದನ್ನು ಕೇಳಿದ್ದೀರಲ್ಲವೇ? ಆ ಫೇಸ್ ಇದೇ ಪ್ರಾವಸ್ಥೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಲೋಲಕದಂತೆ ಅತ್ತಿತ್ತ ಆಡುತ್ತದೆ. ಮೂರು ತಂತಿಗಳಲ್ಲೂ ಹೀಗೆಯೇ; ಆದರೆ ಒಂದಕ್ಕಿಂತ ಇನ್ನೊಂದು 120 ಡಿಗ್ರಿ ಹಿಂದೆ. 360ನ್ನು ಮೂರು ಪಾಲು ಮಾಡಿದರೆ 120 ತಾನೇ? ಬೀಸುವ ಕಲ್ಲಿನ ಸುತ್ತ ಮೂವರು ಕುಳಿತು ಸರದಿಯಂತೆ ತಳ್ಳಿದ ಹಾಗೆ, ಈ ಮೂರು ಫೇಸುಗಳು ಮೋಟಾರನ್ನು ಎಡೆಬಿಡದೆ ತಿರುಗಿಸುತ್ತವೆ.

ಒಂದು ಫೇಸ್ ತಪ್ಪಿದರೆ ಸರದಿ ಕೆಡುತ್ತದೆ. ನಿಂತಿದ್ದ ಮೋಟಾರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಹಾಗೆಯೇ ಬಿಟ್ಟರೆ ಕಾದು ಒಳಗಿನ ತಂತಿಯ ಸುರುಳಿ ಸುಟ್ಟುಹೋಗಬಹುದು. ಅಂಥ ಸದ್ದು ಕೇಳಿದರೆ ತಕ್ಷಣ ಮನೆಯ ಹಿರಿಯರಿಗೆ ತಿಳಿಸಿ. ಪೆಟ್ಟಿಗೆಯನ್ನು ನೀವು ಮಾತ್ರ ಮುಟ್ಟಬೇಡಿ.

ಯೋಚಿಸಿ ಉತ್ತರಿಸಿ

1. ಆಂದೋಲನಾವಧಿ 2 ಸೆಕೆಂಡು. ಎರಡನೆಯ ಲೋಲಕವನ್ನು 1 ಸೆಕೆಂಡು ತಡವಾಗಿ ಬಿಟ್ಟರೆ ವ್ಯತ್ಯಾಸ ಎಷ್ಟು ಡಿಗ್ರಿ?
2. ಒಂದು ದಾರವನ್ನು ಗಿಡ್ಡ ಮಾಡಿ ಎರಡನ್ನೂ ಒಟ್ಟಿಗೆ ಬಿಡಿ. ಅವು ಜೊತೆಯಾಗಿಯೇ ಉಳಿಯುತ್ತವೆಯೇ? ಏಕೆ?