ಹತ್ತು ಸೆಂಟಿನ ಲೆಕ್ಕ



"ನಮ್ಮಂಥವರಿಂದ ಏನಾಗ್ತದೆ ಭಾಯಿ?" ಇಫ್ತಾರಿಗೆ ಕೂತಾಗ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಂಬಳ ಬಂತು, ಊರಿಗೆ ಕಳಿಸಿ ಆಯಿತು, ಉಳಿದದ್ದು ಮೆಸ್ಸಿಗೆ ಮತ್ತು ಫೋನಿಗೆ. ಸಮಾಜ ಬದಲಾಯಿಸುವುದೆಲ್ಲ ದೊಡ್ಡವರ ಕೆಲಸ ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ನಾನು ಲೆಕ್ಕ ಬರೆದು ಬದುಕುವವನು. ಸಣ್ಣ ಮೊತ್ತವನ್ನು ತಾತ್ಸಾರ ಮಾಡುವುದು ನಮ್ಮ ಕಸುಬಿನಲ್ಲಿ ನಡೆಯುವುದಿಲ್ಲ. ಮದ್ರಸದಲ್ಲಿ ಕಲಿತದ್ದೂ ಅದನ್ನೇ ಹೇಳುತ್ತದೆ: ಸ್ವಲ್ಪವೇ ಆದರೂ ಬಿಡದೆ ಮಾಡುವ ಕರ್ಮ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಇದು ನಮಾಝಿಗೂ ಖುರ್‌ಆನ್ ಪಾರಾಯಣಕ್ಕೂ ಮಾತ್ರ ಅಂದುಕೊಂಡಿದ್ದೇವೆ. ಒಂದು ಊರಿನ ಬದುಕು ಬದಲಾಗುವುದೂ ಹೀಗೆಯೇ. ಅಮೆರಿಕದ ಒಂದು ಊರಿನ ಸಂಗತಿ ಹೇಳುತ್ತೇನೆ, ಓದಿ. ಅಲ್ಲಿಯವರು ಚರ್ಚಿಗೆ ಹೋಗುವವರು, ನಮ್ಮ ದೀನಿನವರಲ್ಲ. ಆದರೆ ಕೆಲಸ ನೋಡಿದರೆ ಅಡುಗೆಯವರು, ಮನೆಗೆಲಸದವರು, ಟೈಲರ್‌ಗಳು, ಡ್ರೈವರ್‌ಗಳು. ನಮ್ಮವರೇ ಅನ್ನಿ.

ಊರು ಅಲಬಾಮ ರಾಜ್ಯದ ರಾಜಧಾನಿ ಮಾಂಟ್‌ಗೊಮರಿ. 1955ರಲ್ಲಿ ಅಲ್ಲಿಯ ಸಿಟಿ ಬಸ್ಸಿನಲ್ಲಿ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕಪ್ಪು ವರ್ಣೀಯರಿಗೆ. ಬಿಳಿಯರ ಸೀಟು ತುಂಬಿದರೆ ನಡುವಿನವರು ಎದ್ದು ಜಾಗ ಬಿಡಬೇಕು. ಎಷ್ಟೋ ಸಲ ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಇಳಿದು, ಹಿಂದಿನ ಬಾಗಿಲಿಗೆ ಹೋಗಿ ಹತ್ತಬೇಕಿತ್ತು. ಹಾಗೆ ಹೋಗುವಷ್ಟರಲ್ಲಿ ಡ್ರೈವರ್ ಬಸ್ ಬಿಟ್ಟುಕೊಂಡು ಹೋದದ್ದೂ ಉಂಟು. ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು.

ಆ ವರ್ಷದ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ 42 ವರ್ಷದ ಹೊಲಿಗೆ ಕೆಲಸದ ಹೆಂಗಸು ಸೀಟು ಬಿಡಲಿಲ್ಲ. ಪೊಲೀಸರು ಹಿಡಿದುಕೊಂಡು ಹೋದರು. ದಂಡ 10 ಡಾಲರ್, ಕೋರ್ಟ್ ಖರ್ಚು 4 ಡಾಲರ್. ಇಷ್ಟು ಭಾಗ ಶಾಲೆಯ ಪುಸ್ತಕದಲ್ಲೂ ಸಿಗುತ್ತದೆ. ಆದರೆ ಕತೆ ಇಲ್ಲಿಗೆ ಮುಗಿಯಿತು ಎಂಬಂತೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಹುಡುಗಿಯೂ ಸೀಟು ಬಿಡದೆ ಬಂಧನಕ್ಕೆ ಒಳಗಾಗಿದ್ದಳು. ಆಗ ಊರು ಎದ್ದು ನಿಲ್ಲಲಿಲ್ಲ. ಈ ಸಲ ಎದ್ದದ್ದು ಹೇಗೆ? ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಶಿಕ್ಷಕಿ, ಆ ರಾತ್ರಿಯೇ ಕಾಲೇಜಿನ ನಕಲು ಯಂತ್ರದಲ್ಲಿ ಸಾವಿರಾರು ಕರಪತ್ರ ತೆಗೆದರು. ಬರುವ ಸೋಮವಾರ ಬಸ್ ಹತ್ತಬೇಡಿ, ಅಷ್ಟೇ ವಿಷಯ. ಸೋಮವಾರ ಬಸ್ಸುಗಳು ಖಾಲಿ ಓಡಿದವು. ಸಂಜೆ ಚರ್ಚಿನಲ್ಲಿ ಸೇರಿದ ಜನ ಮುಂದುವರಿಸೋಣ ಎಂದರು. ಅವರ ಮುಂದಾಳು 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್.

ಒಂದು ದಿನಕ್ಕೆಂದು ಶುರುವಾದದ್ದು 381 ದಿನ ನಡೆಯಿತು.

ಈಗ ನನ್ನ ಕಸುಬಿನ ಲೆಕ್ಕ. ಬಸ್ ಚಾರ್ಜು 10 ಸೆಂಟ್. ಹೋಗಿ ಬರಲು 20. ದಿನವೂ ಹೋಗುವವರೆಂದೇ ಹಿಡಿಯಿರಿ, 381 ದಿನಕ್ಕೆ ಒಬ್ಬರಿಂದ ಕಂಪೆನಿಗೆ ತಪ್ಪಿದ್ದು 76 ಡಾಲರ್ 20 ಸೆಂಟ್. ಯಾವ ಕಂಪೆನಿಯೂ ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಥ ಸಾವಿರ ಮಂದಿ ಎಂದರೆ 76,200 ಡಾಲರ್. ಬಸ್ ಬಿಟ್ಟವರು ಹತ್ತಾರು ಸಾವಿರ, ಬಸ್ಸಿನ ಗಿರಾಕಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಅವರೇ. ಕೈ ಎತ್ತುವುದು, ಗಾಜು ಒಡೆಯುವುದು ಅವರ ದಾರಿಯಾಗಿರಲಿಲ್ಲ. ಬಸ್ ಹತ್ತಲಿಲ್ಲ, ಅಷ್ಟೇ.

ಸುಲಭವಾಗಿತ್ತು ಎಂದಲ್ಲ. ಮೊದಲು ಟ್ಯಾಕ್ಸಿಯವರು ಬಸ್ಸಿನಷ್ಟೇ 10 ಸೆಂಟಿಗೆ ಕರೆದೊಯ್ದರು. ಅದು ಕಾನೂನಿಗೆ ವಿರುದ್ಧ, ಕನಿಷ್ಠ 45 ಸೆಂಟ್ ತೆಗೆದುಕೊಳ್ಳಬೇಕು ಎಂದು ನಗರದ ಆಡಳಿತ ತಡೆಯಿತು. ಆಗ ಸುಮಾರು 300 ಕಾರುಗಳನ್ನು ಜೊತೆಗೂಡಿಸಿ, ಎಲ್ಲಿ ಹತ್ತಬೇಕು ಎಲ್ಲಿ ಇಳಿಯಬೇಕು ಎಂದು ಪಟ್ಟಿ ಮಾಡಿದರು. ಕಾರುಗಳ ಇನ್ಶೂರೆನ್ಸ್ ರದ್ದಾಯಿತು. ಲಂಡನ್ನಿನ ಲಾಯ್ಡ್ಸ್‌ನಿಂದ ಇನ್ಶೂರೆನ್ಸ್ ತಂದರು. ಕಿಂಗ್ ಅವರ ಮನೆಗೆ ಬಾಂಬ್ ಬಿತ್ತು. ಎಂಬತ್ತಕ್ಕೂ ಹೆಚ್ಚು ಮಂದಿಯ ಮೇಲೆ ಕೇಸು ಬಿತ್ತು. ಕಾರು ಸಿಗದವರು ನಡೆದರು, ಬೆಳಿಗ್ಗೆ ನಡೆದರು, ಎಂಟು ಹತ್ತು ಗಂಟೆ ನಿಂತು ದುಡಿದು ಸಂಜೆ ಮತ್ತೆ ನಡೆದರು.

ಪೆಟ್ರೋಲಿಗೆ ದುಡ್ಡು? ಈ ಇಡೀ ಸಂಗತಿಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಇದು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯ ಹೆಂಗಸು ಒಂದು ಕೂಟ ಕಟ್ಟಿದರು. ಹೆಂಗಸರು ತಮ್ಮ ಮನೆಗಳಲ್ಲಿ ಕೇಕು, ಕಡುಬಿನಂಥ ಪೈ, ಕೋಳಿಯ ಸ್ಯಾಂಡ್‌ವಿಚ್ ಮಾಡಿ ಕೊಡುವುದು. ಅದನ್ನು ಬ್ಯೂಟಿ ಪಾರ್ಲರಿನಲ್ಲಿ, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಲಾಂಡ್ರಿಯಲ್ಲಿ ಮಾರುವುದು. ಸೋಮವಾರದ ಸಭೆಯಲ್ಲಿ ವಾರದ ಹಣವನ್ನು ಒಪ್ಪಿಸುವುದು. ಕೂಟದ ಹೆಸರಿನ ಅರ್ಥ 'ಎಲ್ಲಿಂದಲೋ ಬಂದವರ ಕೂಟ'. ಯಾಕೆ ಗೊತ್ತೇ? ಹಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ 'ಎಲ್ಲಿಂದಲೋ' ಎನ್ನಬಹುದು. ಮಾಡಿದವರ, ಕೊಂಡವರ ಹೆಸರು ಗಿಲ್ಮೋರ್ ಒಬ್ಬರಿಗೇ ಗೊತ್ತು. ಬಿಳಿಯರ ಮನೆಯಲ್ಲಿ ಅಡುಗೆ ಮಾಡುವವಳ ಹೆಸರು ಹೊರಬಿದ್ದರೆ ಮರುದಿನ ಕೆಲಸ ಇಲ್ಲ. ಕಿಂಗ್ ಅವರ ವಿಚಾರಣೆಯಲ್ಲಿ ಸಾಕ್ಷಿ ನುಡಿದು ಗಿಲ್ಮೋರ್ ಅವರೇ ಕೆಲಸ ಕಳೆದುಕೊಂಡರು. ಮತ್ತೆ ಸ್ವಂತ ಮನೆಯಲ್ಲೇ ಅಡುಗೆ ಮಾಡಿ ಮಾರಿ ಬದುಕಿದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದ ದಾನದ ಬಗ್ಗೆ ನಾವು ಜುಮಾ ಖುತ್ಬಾದಲ್ಲಿ ಕೇಳುತ್ತೇವೆ. ಆ ಗುಟ್ಟಿನ ಬೆಲೆ ಈ ಹೆಂಗಸರಿಗೆ ಅವರದೇ ಕಾರಣದಿಂದ ಗೊತ್ತಿತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಬರೀ ನಡೆದದ್ದರಿಂದ ಕಾನೂನು ಬದಲಾಗಲಿಲ್ಲ. ಕಾಲ್ವಿನ್ ಸೇರಿ ನಾಲ್ವರು ಮಹಿಳೆಯರ ಹೆಸರಿನಲ್ಲಿ ನಡೆದ ಮೊಕದ್ದಮೆಯಲ್ಲಿ, 1956ರ ನವೆಂಬರ್ 13ರಂದು ಅಮೆರಿಕದ ಸುಪ್ರೀಂ ಕೋರ್ಟು ಬಸ್ಸಿನ ಭೇದ ತಪ್ಪು ಎಂಬ ತೀರ್ಪನ್ನು ಎತ್ತಿಹಿಡಿಯಿತು. ಅದೇ ದಿನ ಅಲ್ಲಿಯ ಸ್ಥಳೀಯ ಕೋರ್ಟು ಕಾರುಗಳ ವ್ಯವಸ್ಥೆಯನ್ನು ನಿಲ್ಲಿಸಿತು! ಆದೇಶದ ಕಾಗದ ಊರಿಗೆ ಮುಟ್ಟಿದ್ದು ಡಿಸೆಂಬರ್ 20ಕ್ಕೆ. ಗೆದ್ದಾಗಿದೆ, ಇನ್ನು ಬಸ್ ಹತ್ತೋಣ ಎನ್ನದೆ, ಆ ಒಂದು ತಿಂಗಳೂ ಜನ ನಡೆದರು. 21ರಂದು ಹತ್ತಿ, ಬೇಕಾದ ಸೀಟಿನಲ್ಲಿ ಕೂತರು.

ಸಹೋದರರೇ, ಇದನ್ನು ಓದಿ ಯಾರೂ ಇಲ್ಲಿ ಕೆಲಸ ನಿಲ್ಲಿಸಲು ಹೋಗಬೇಡಿ. ಯುಎಇಯ ಕಾನೂನು ಬೇರೆ. ಪರವಾನಗಿ ಇಲ್ಲದೆ ಚಂದಾ ಎತ್ತುವುದೂ ಇಲ್ಲಿ ಅಪರಾಧ, ಅದಕ್ಕೂ ಕೈ ಹಾಕಬೇಡಿ. ನಮ್ಮ ಹತ್ತು ಸೆಂಟ್ ಬೇರೆ ಕಡೆ ಇದೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪೆನಿಯಲ್ಲಿ ಓವರ್‌ಟೈಮ್ ಗಂಟೆ ಪ್ರತಿ ತಿಂಗಳೂ ಕಡಿಮೆ ಬರುತ್ತಿತ್ತು. ಒಬ್ಬೊಬ್ಬರೇ ಬಂದು ಕೇಳಿದರೆ ಆಫೀಸಿನವರು ಶೀಟು ತೋರಿಸಿ ಕಳಿಸುತ್ತಿದ್ದರು. ಒಂದು ರೂಮಿನ ಎಂಟು ಮಂದಿ ಪಾಕೆಟ್ ಪುಸ್ತಕದಲ್ಲಿ ದಿನವೂ ಗಂಟೆ ಬರೆಯತೊಡಗಿದರು. ಅವರಲ್ಲಿ ಇಬ್ಬರಿಗೆ ಬರೆಯಲು ಬಾರದು, ಪಕ್ಕದ ಮಂಚದವನು ಇಶಾ ನಂತರ ಬರೆದುಕೊಡುತ್ತಿದ್ದ. ಎರಡು ತಿಂಗಳಾದ ಮೇಲೆ ಎಂಟೂ ಪುಸ್ತಕ ನನ್ನ ಮೇಜಿಗೆ ಬಂದವು. ಎಂಟರಲ್ಲೂ ಒಂದೇ ತಾರೀಕು, ಒಂದೇ ಗಂಟೆ. ಶೀಟಿನಲ್ಲಿ ಮಾತ್ರ ಬೇರೆ. ಅಷ್ಟನ್ನು ನಾನು ಮೇಲಿನವರ ಮುಂದಿಟ್ಟೆ. ಬಾಕಿ ಬಂತು. ಮುಂದಿನ ತಿಂಗಳಿಂದ ಶೀಟನ್ನು ಆಫೀಸಿಗೆ ಕಳಿಸುವ ಮೊದಲು ಸೈಟಿನಲ್ಲಿ ಓದಿ ಹೇಳುವ ಪದ್ಧತಿ ಬಂತು, ಪುಸ್ತಕ ಇಡದವರಿಗೂ ಅದರ ಲಾಭ ಸಿಕ್ಕಿತು.

ಪುಸ್ತಕ ಇಡುವುದು ಹೀಗೆ: ತಾರೀಕು, ಶುರುವಾದ ಸಮಯ, ಮುಗಿದ ಸಮಯ, ನಡುವಿನ ಬಿಡುವು, ಸೈಟಿನ ಹೆಸರು. ಅದೇ ದಿನ ಬರೆಯಿರಿ. ವಾರದ್ದನ್ನು ಶುಕ್ರವಾರ ಕೂತು ನೆನಪಿನಿಂದ ಬರೆದರೆ ಅದು ಲೆಕ್ಕವಲ್ಲ, ಅಂದಾಜು. ಪುಟದ ಫೋಟೋ ತೆಗೆದಿಡಿ. ಓದಲು ಬಾರದ ಸಹೋದರ ರೂಮಿನಲ್ಲಿದ್ದರೆ ಅವನದ್ದನ್ನೂ ಬರೆಯಿರಿ, ತರಾವೀಹ್ ಮುಗಿಸಿ ಬಂದ ಮೇಲೆ ಐದು ನಿಮಿಷದ ಕೆಲಸ. ರಮಝಾನಿನಲ್ಲಿ ಇಲ್ಲಿ ದಿನದ ಕೆಲಸದ ಅವಧಿ 2 ಗಂಟೆ ಕಡಿಮೆ ಎಂಬುದು ನಿಯಮ. ಹಾಗಾಗಿ ಈ ತಿಂಗಳ ಪುಟದಲ್ಲಿ ಆ 2 ಗಂಟೆಗೆ ಬೇರೆಯೇ ಒಂದು ಕಾಲಂ ಎಳೆಯಿರಿ.