112 ಒತ್ತುವ ಮುಂಚೆ

ರಾಮಾಪುರದಲ್ಲಿ ನಿಮ್ಮ ಆಫೀಸಿನಲ್ಲೋ ಶಾಲೆಯಲ್ಲೋ ಟೇಬಲ್ಲಿಗೊಂದು ಫೋನಿದ್ದರೆ ಇದೊಂದನ್ನು ನೋಡಿಕೊಳ್ಳಿ: ಹೊರಗಿನ ಕರೆಗೆ ಮೊದಲು ಸೊನ್ನೆ ಒತ್ತಬೇಕೇ? ಹಾಗಿದ್ದರೆ ಬರೀ 112 ಒತ್ತಿದಾಗ ಒಳಗಿನ ಯಾವುದೋ ಎಕ್ಸ್‌ಟೆನ್ಷನ್ ರಿಂಗಾದೀತು. ತುರ್ತು ನಂಬರುಗಳಾದ 112, 108 ಎರಡೂ ನೇರ ಹೊರಹೋಗುವಂತೆ ಫೋನ್ ಕೂರಿಸಿದವರಿಂದಲೇ ಮಾಡಿಸಿ. ಲೈನು ಮೈಸೂರಿನ ಹೆಡ್ಡಾಫೀಸಿನದಾದರೆ ಇನ್ನೂ ಫಜೀತಿ. ಕರೆ ಎತ್ತಿದವರಿಗೆ ಅಲ್ಲಿನ ವಿಳಾಸ ಕಾಣಬಹುದು. ಮೊಬೈಲನ್ನೂ ಪೂರಾ ನಂಬುವಂತಿಲ್ಲ. ಪಾಲಾರ್ ಕಡೆ ತಮಿಳುನಾಡಿನ ಟವರ್ ಹಿಡಿದರೆ ಆ ಕಡೆಯವರೇ ಎತ್ತಬಹುದು. ಬರೀ ‘ರಾಮಾಪುರ’ ಅಂದರೂ ಸಾಲದು, ಆ ಹೆಸರಿನ ಊರುಗಳಿಗೇನು ಬರವೇ! ‘ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕು, ರಾಮಾಪುರ’ ಎಂದು ಬರೆದು, ಹತ್ತಿರದ ಗುರುತನ್ನೂ ಸೇರಿಸಿ ಪ್ರತಿ ಫೋನಿನ ಪಕ್ಕ ಅಂಟಿಸಿ. ರಾತ್ರಿ ಕಾವಲಿನವರಿಗೂ ಓದಿ ಹೇಳಿ. ಅಂದ ಹಾಗೆ, ಕರೆಂಟು ಹೋದರೆ ಈ ಫೋನುಗಳನ್ನೆಲ್ಲ ಜೋಡಿಸುವ ಪೆಟ್ಟಿಗೆಯೂ ಮಲಗುತ್ತದೆ. ಅದಕ್ಕೊಂದು ಯುಪಿಎಸ್ ಕೊಡಿಸಿ.