ಐವತ್ತರ ನಂತರ ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಪಾಠ

ಹೊಸದಾಗಿ ಬಂದಿಳಿದ ಮನೆಗಳಲ್ಲಿ ಒಬ್ಬರಿಗೆ ಐಟಿಯಲ್ಲೋ ಆಸ್ಪತ್ರೆಯಲ್ಲೋ ಕೆಲಸವಿರುತ್ತದೆ. ಇನ್ನೊಬ್ಬರು ಊರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವರ್ಷಗಟ್ಟಲೆ ಇಂಗ್ಲಿಷ್ ಹೇಳಿಕೊಟ್ಟು ಬಂದವರಾಗಿರುತ್ತಾರೆ. ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ಅವರು ಕೇಳುವುದು ಎರಡೇ ಪ್ರಶ್ನೆ: ಈ ವಯಸ್ಸಿನಲ್ಲಿ ನಮ್ಮನ್ನು ಯಾರು ತಗೋತಾರೆ? ಅವರ ಭಾಷೆಯನ್ನು ಅವರಿಗೇ ಕಲಿಸೋಕೆ ಹೋಗೋದಾ?

ವಯಸ್ಸಿನ ಮಾತು ಮೊದಲು. ನಮ್ಮ ಕಡೆ ಸರ್ಕಾರಿ ಮೇಷ್ಟ್ರಿಗೆ 60 ತುಂಬಿದರೆ ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸುತ್ತಾರೆ. ಇಲ್ಲಿ 65ಕ್ಕೆ ನಿವೃತ್ತಿ ಮಾಡಿಸುವ ಪದ್ಧತಿ 2011ರಲ್ಲೇ ಹೋಯಿತು. 2010ರ ಸಮಾನತಾ ಕಾಯ್ದೆಯ ಪ್ರಕಾರ ವಯಸ್ಸಿನ ನೆಪದಲ್ಲಿ ಕೆಲಸ ನಿರಾಕರಿಸುವಂತಿಲ್ಲ. ಕಾಯ್ದೆ ಇದ್ದಮಾತ್ರಕ್ಕೆ ಎಲ್ಲರ ಮನಸ್ಸೂ ತಿಳಿಯಾಗಿದೆ ಎಂದಲ್ಲ, ಅನುಭವಿಗೆ ಸಂಬಳ ಜಾಸ್ತಿ ಕೊಡಬೇಕಾದೀತೆಂದು ಹಿಂಜರಿಯುವ ಶಾಲೆಗಳೂ ಇವೆ. ಆದರೂ ನಾನು ಕಂಡಂತೆ ನಮ್ಮವರಿಗೆ ಅಡ್ಡ ಬರುವುದು ವಯಸ್ಸಿಗಿಂತ ಹೆಚ್ಚಾಗಿ ಕಾಗದಪತ್ರ. ಉಚ್ಚಾರಣೆಯ ಅಂಜಿಕೆಯನ್ನಂತೂ ಬಿಟ್ಟುಬಿಡಿ. ಗ್ಲಾಸ್ಗೋದವರು ಮಾತಾಡಿದ್ದು ಲಂಡನ್ನಿನವರಿಗೇ ಪೂರ್ತಿ ಹಿಡಿಯುವುದಿಲ್ಲ.

ಎಲ್ಲರೂ ಮೊದಲು ಓಡುವುದು ಸೆಕೆಂಡರಿ ಶಾಲೆಗೆ. ಅಲ್ಲಿ ಕೇಳುವುದು ಕ್ಯೂಟಿಎಸ್, ಅಂದರೆ ಇಂಗ್ಲೆಂಡಿನ ಶಿಕ್ಷಕ ಅರ್ಹತೆ. ಭಾರತದ ಬಿ.ಎಡ್. ಇದ್ದವರು ಅದಕ್ಕೆ ನೇರವಾಗಿ ಅರ್ಜಿ ಹಾಕಬಹುದು ಎಂದು 2023ರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹರಿದಾಡಿತು. ಸುದ್ದಿಯೇನೋ ನಿಜ. ಆದರೆ ಆ ದಾರಿ ತೆರೆದದ್ದು ಗಣಿತ, ವಿಜ್ಞಾನ ಮತ್ತು ಪರಭಾಷೆಗಳ ಶಿಕ್ಷಕರಿಗೆ. ಇಂಗ್ಲಿಷಿನವರಿಗೆ ಅದರಲ್ಲಿ ಜಾಗವಿರಲಿಲ್ಲ. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಸರ್ಕಾರದ ಜಾಲತಾಣ ನೋಡಿಯೇ ಹೆಜ್ಜೆ ಇಡಿ. ಹೊರದೇಶದಲ್ಲಿ ತರಬೇತಾದ ಶಿಕ್ಷಕರು ಕ್ಯೂಟಿಎಸ್ ಇಲ್ಲದೆಯೂ ಸರ್ಕಾರಿ ಶಾಲೆಗಳಲ್ಲಿ 4 ವರ್ಷ ಪಾಠ ಮಾಡಬಹುದು. ಮೊದಲ ಪಾಠದ ದಿನದಿಂದಲೇ ಲೆಕ್ಕ ಶುರು, ನಡುವೆ ಮನೆಯಲ್ಲಿ ಕೂತರೂ ಅದು ನಿಲ್ಲುವುದಿಲ್ಲ. ಅಷ್ಟರೊಳಗೆ ‘ಅಸೆಸ್‌ಮೆಂಟ್ ಓನ್ಲಿ’ ಎಂಬ ದಾರಿಯಲ್ಲಿ, ಇನ್ನೊಮ್ಮೆ ಬಿ.ಎಡ್. ಓದುವ ಗೋಜಿಲ್ಲದೆ, ಕ್ಯೂಟಿಎಸ್ ಪಡೆಯಲು ಸಾಧ್ಯ. ಅದಕ್ಕೆ ಕನಿಷ್ಠ ಎರಡು ಶಾಲೆಗಳಲ್ಲಿ ಪಾಠ ಮಾಡಿದ ಅನುಭವ ತೋರಿಸಬೇಕು.

ಕಾಗದಪತ್ರದ್ದೇ ಒಂದು ತಮಾಷೆ. ಎಂ.ಎ. ಇಂಗ್ಲಿಷ್ ಇರಲಿ, ಎಷ್ಟು ವರ್ಷ ಪಾಠ ಮಾಡಿರಲಿ, ಹತ್ತನೇ ತರಗತಿಯ ಗಣಿತ ಮತ್ತು ಇಂಗ್ಲಿಷ್ ಅಂಕ ಕೇಳುತ್ತಾರೆ. ಬೀರುವಿನ ತಳದಲ್ಲಿ ನಾಲ್ಕು ಮಡಿಕೆಯಾಗಿ ಮಲಗಿರುವ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಈಗ ಜೀವ ಬರುತ್ತದೆ. ಹರಿದಿದ್ದರೆ ಊರಿನಲ್ಲಿರುವ ತಮ್ಮನಿಗೋ ಭಾವನಿಗೋ ಹೇಳಿ ಇವತ್ತೇ ಡೂಪ್ಲಿಕೇಟಿಗೆ ಅರ್ಜಿ ಹಾಕಿಸಿ. ಅದಕ್ಕೂ ಡಿಗ್ರಿಗೂ ಯುಕೆ ಎನಿಕ್‌ನಿಂದ ಸಮಾನತೆಯ ಪತ್ರ ಬೇಕು. ಜತೆಗೆ ಭಾರತದ ಪೊಲೀಸ್ ಕ್ಲಿಯರೆನ್ಸ್, ಇಲ್ಲಿನ ಡಿಬಿಎಸ್ (ಅಪರಾಧ ದಾಖಲೆಯ) ತಪಾಸಣೆ, ಹಳೆಯ ಶಾಲೆಯಿಂದ ಶಿಫಾರಸು. ಹೆಡ್‌ಮಾಸ್ಟರ ಸ್ವಂತ ಜಿಮೇಲಿನಿಂದ ಬಂದ ಪತ್ರವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಶಾಲೆಯ ಹೆಸರಿನ ಇಮೇಲ್ ಒಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಅರ್ಜಿಯಲ್ಲಿ ಕೆಲಸ ಬಿಟ್ಟ ವರ್ಷಗಳಿಗೂ ಕಾರಣ ಬರೆಯಬೇಕು. ಹೆರಿಗೆ, ಅತ್ತೆಯವರ ಕಾಯಿಲೆ, ವರ್ಗಾವಣೆ, ಏನಿದ್ದರೂ ಒಂದು ಸಾಲಿನಲ್ಲಿ ಹೇಳಿ ಮುಗಿಸಿ. ಮಕ್ಕಳ ಸುರಕ್ಷತೆಯ ನಿಯಮ ಅದು, ಎಲ್ಲರನ್ನೂ ಕೇಳುತ್ತಾರೆ. ‘ಸ್ಪಾನ್ಸರ್‌ಶಿಪ್ ಬೇಕೆ’ ಎಂಬಲ್ಲಿ ಹೆದರಿ ‘ಹೌದು’ ಎಂದು ಗುರುತು ಹಾಕಿದವರ ಅರ್ಜಿ ಅಲ್ಲೇ ಮೂಲೆಗೆ ಬೀಳುವುದುಂಟು. ಸ್ಕಿಲ್ಡ್ ವರ್ಕರ್ ವೀಸಾದವರ ಗಂಡ ಅಥವಾ ಹೆಂಡತಿಯಾಗಿ ಬಂದಿದ್ದರೆ ನಿಮಗೆ ಅದು ಬೇಕಿಲ್ಲ.

ನನ್ನನ್ನು ಕೇಳಿದರೆ ಮೊದಲು ಹೋಗಬೇಕಾದದ್ದು ಶಾಲೆಗಲ್ಲ, ಎಫ್‌ಇ ಕಾಲೇಜಿಗೆ, ಅಂದರೆ 16 ದಾಟಿದವರು ಕಸುಬು ಕಲಿಯುವ ಕಾಲೇಜಿಗೆ. ನಮ್ಮ ಎಸ್‌ಎಸ್‌ಎಲ್‌ಸಿಯಂಥ ಜಿಸಿಎಸ್‌ಇ ಪರೀಕ್ಷೆಯ ಇಂಗ್ಲಿಷಿನಲ್ಲಿ 4ನೇ ದರ್ಜೆ ಸಿಗದ ಹುಡುಗರು 16 ದಾಟಿದ ಮೇಲೂ ಇಂಗ್ಲಿಷ್ ಓದು ಮುಂದುವರಿಸಲೇಬೇಕು. ಇಲ್ಲದಿದ್ದರೆ ಕಾಲೇಜಿಗೆ ಸರ್ಕಾರದ ದುಡ್ಡಿಗೆ ಕತ್ತರಿ. ಹಾಗಾಗಿ ಇಂಗ್ಲಿಷ್ ಶಿಕ್ಷಕರಿಗೆ ಅಲ್ಲಿ ಸದಾ ಕೆಲಸವಿದೆ, ಕ್ಯೂಟಿಎಸ್ ಕಾನೂನಿನ ಪ್ರಕಾರ ಕಡ್ಡಾಯವೂ ಅಲ್ಲ. ಪ್ಲಂಬಿಂಗೋ ಹೇರ್‌ಡ್ರೆಸಿಂಗೋ ಕಲಿಯಲು ಬಂದ ಮಕ್ಕಳು ಅವರು, ಇಂಗ್ಲಿಷ್ ಪೀರಿಯಡ್ ಎಂದರೆ ಮುಖ ಕಿವುಚುತ್ತಾರೆ. ಹೊಸ ಟೀಚರುಗಳು ಕಂಗಾಲಾಗುವ ಜಾಗ. ಪ್ರತಿ ವರ್ಷ ಸಪ್ಲಿಮೆಂಟರಿ ಮಕ್ಕಳನ್ನು ದಡ ಹತ್ತಿಸಿದವರಿಗೆ ಆ ಮುಖಗಳು ಹೊಸವೇನಲ್ಲ. ಅರ್ಜಿಯಲ್ಲೂ ಇದನ್ನೇ ಮುಂದಿಡಿ. ಒಂದೇ ವ್ಯತ್ಯಾಸ: ಇಲ್ಲಿ ಗೈಡು, ನೋಟ್ಸು, ಬಾಯಿಪಾಠ ಯಾವುದೂ ನಡೆಯುವುದಿಲ್ಲ. ಪರೀಕ್ಷೆಗೆ ಬರುವುದು ಅವರು ಹಿಂದೆಂದೂ ಓದಿರದ ಗದ್ಯ. ಎಕ್ಯೂಎ ಮಂಡಳಿಯ ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ, ನೀವೇ ಕೂತು ಒಂದಕ್ಕೆ ಉತ್ತರ ಬರೆದು ನೋಡಿ.

ಇನ್ನೊಂದು ದಾರಿ ಈಸಾಲ್, ಅಂದರೆ ವಲಸೆ ಬಂದ ದೊಡ್ಡವರಿಗೆ ಇಂಗ್ಲಿಷ್ ಕಲಿಸುವುದು. ಅದಕ್ಕೆ ಕೇಂಬ್ರಿಜ್‌ನ ಸೆಲ್ಟಾ ಪ್ರಮಾಣಪತ್ರ ಇದ್ದರೆ ಒಳ್ಳೆಯದು: ಸುಮಾರು 120 ಗಂಟೆಯ ತರಬೇತಿ, ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ. ಸಾವಿರ ಪೌಂಡಿಗೂ ಮೇಲಿನ ಬಾಬತ್ತು, ಆದ್ದರಿಂದ ಹತ್ತಿರದ ಕಾಲೇಜಿನ ಜಾಹೀರಾತು ಅದನ್ನು ಕೇಳುತ್ತಿದೆಯೇ ನೋಡಿಕೊಂಡೇ ಕಟ್ಟಿ.

ಏಜೆನ್ಸಿಗಳ ಮೂಲಕ ಸಪ್ಲೈ ಕೆಲಸ, ಅಂದರೆ ರಜೆ ಹಾಕಿದ ಶಿಕ್ಷಕರ ಬದಲಿಗೆ ಪಾಠ ಮಾಡುವುದು, ಬೇಗ ಸಿಗುತ್ತದೆ. ಬೆಳಿಗ್ಗೆ ಏಳಕ್ಕೆ ಫೋನು, ಎಂಟೂವರೆಗೆ ಗೊತ್ತಿಲ್ಲದ ಶಾಲೆಯಲ್ಲಿ ಕ್ಲಾಸು. ಸಂಬಳ ಏಜೆನ್ಸಿಯ ಬದಲು ಹಣ ಪಾವತಿಸುವ ‘ಅಂಬ್ರೆಲಾ ಕಂಪನಿ’ಯ ಮೂಲಕ ಬರುವುದಾದರೆ ಹೇಳಿದ ದಿನಗೂಲಿಯಲ್ಲಿ ಮಾಲೀಕರ ಪಾಲಿನ ನ್ಯಾಷನಲ್ ಇನ್ಶೂರೆನ್ಸೂ ಕಡಿತವಾಗಿರುತ್ತದೆ, ಕೈಗೆ ಬರುವ ಮೊತ್ತವನ್ನೇ ಕೇಳಿ. ಒಂದೇ ಶಾಲೆಯಲ್ಲಿ ಅದೇ ಕೆಲಸ 12 ವಾರ ಮಾಡಿದ ಮೇಲೆ ಅಲ್ಲಿನ ಶಿಕ್ಷಕರಿಗೆ ಸಮನಾದ ಸಂಬಳ ಕೇಳುವ ಹಕ್ಕಿದೆ. ಟೀಚಿಂಗ್ ಅಸಿಸ್ಟೆಂಟ್ ಕೆಲಸವೂ ಸುಲಭ. ಅದರ ಜಾಹೀರಾತಿನ ಸಂಬಳ ಇಡೀ ವರ್ಷದ್ದು, ಸಿಗುವುದು ಶಾಲೆ ನಡೆಯುವ ವಾರಗಳದ್ದು. ಇಲ್ಲಿನ ಶಾಲೆಯ ರೀತಿನೀತಿ ಕಲಿಯಲು ಒಂದು ವರ್ಷ ಮಾಡಿ, ತಪ್ಪಿಲ್ಲ. ಅಲ್ಲೇ ಹತ್ತು ವರ್ಷ ಪೆನ್ಸಿಲ್ ಚೂಪು ಮಾಡುತ್ತ ಕೂತ ನಮ್ಮ ಒಳ್ಳೊಳ್ಳೆಯ ಟೀಚರುಗಳನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಸಂದರ್ಶನದ ದಿನ ಅರ್ಧ ಗಂಟೆಯ ಪಾಠ ಮಾಡಿಸುತ್ತಾರೆ. ನಮ್ಮ ಕೂಟದ ಒಬ್ಬ ಟೀಚರಿಗೆ ಮ್ಯಾಕ್‌ಬೆತ್ ಬಂದಿತ್ತು. ನಾಟಕದ ಹಿನ್ನೆಲೆ, ಕವಿಪರಿಚಯ ಎಲ್ಲ ಬದಿಗಿಟ್ಟು, ಲೇಡಿ ಮ್ಯಾಕ್‌ಬೆತ್ ಗಂಡನನ್ನು ಹುರಿದುಂಬಿಸುತ್ತಿದ್ದಾಳೋ ಹೆದರಿಸುತ್ತಿದ್ದಾಳೋ ಎಂದು ಕೇಳಿ, ಪಕ್ಕದವರ ಜತೆ ಮಾತಾಡಿ ಬರೆಯಲು ಬಿಟ್ಟರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಇಬ್ಬರು ಸಂದರ್ಶಕರು ಅವರ ಕಡೆ ನೋಡಿದ್ದೇ ಕಡಿಮೆ, ಎದ್ದು ಹೋಗಿ ಮಕ್ಕಳ ಪುಸ್ತಕಕ್ಕೆ ಇಣುಕುತ್ತಿದ್ದರು. ಸಂಜೆಯೇ ಫೋನು ಬಂತು.

ಸೆಪ್ಟೆಂಬರಿಗೆ ಕೆಲಸ ಬಿಡುವ ಶಿಕ್ಷಕರು ಮೇ 31ರೊಳಗೆ ರಾಜೀನಾಮೆ ಕೊಡಬೇಕು. ಅದಕ್ಕೇ ಮಾರ್ಚ್‌ನಿಂದ ಮೇವರೆಗೆ ಜಾಹೀರಾತುಗಳ ಸುಗ್ಗಿ, ಸರ್ಕಾರದ ‘ಟೀಚಿಂಗ್ ವೇಕೆನ್ಸೀಸ್’ ತಾಣದಲ್ಲಿ ಆಗ ದಿನವೂ ಕಣ್ಣಾಡಿಸಿ. ತಡವಾಗಿ ಬಂದವರು ತಡಮಾಡದಿರಲು ಇನ್ನೊಂದು ಕಾರಣವಿದೆ: ಇಲ್ಲಿನ ಸರ್ಕಾರಿ ಪಿಂಚಣಿಯ ಒಂದು ಪೆನ್ನಿ ಬರಬೇಕಾದರೂ ನ್ಯಾಷನಲ್ ಇನ್ಶೂರೆನ್ಸ್ ಖಾತೆಯಲ್ಲಿ ಸಾಮಾನ್ಯವಾಗಿ 10 ವರ್ಷ ಸೇರಿರಬೇಕು. ಮೊಮ್ಮಕ್ಕಳನ್ನು ನೋಡಲು ವಿಸಿಟರ್ ವೀಸಾದಲ್ಲಿ ಬಂದಿರುವ ನಿವೃತ್ತ ಮೇಷ್ಟ್ರುಗಳು ಮಾತ್ರ ದುಡ್ಡಿಗೆ ಮನೆಪಾಠವನ್ನೂ ಹೇಳುವಂತಿಲ್ಲ. ನೋಂದಾಯಿತ ಸೇವಾಸಂಸ್ಥೆಯಲ್ಲಿ 30 ದಿನದ ಮಿತಿಯೊಳಗೆ ಸ್ವಯಂಸೇವೆ ಮಾಡಬಹುದು, ಅಷ್ಟೇ.